ಎರಡು ಷರಾ ಬಿದ್ದ ಫೈಲು

“ಸ್ಟೆಮ್ ಸೆಲ್ ಇದೆಯಲ್ಲ, ಅದರ ಅರ್ಧ ಜಾಣತನ ಜೀನುಗಳ ಬಾಯಿ ಮುಚ್ಚಿಸೋದರಲ್ಲೇ ಇದೆ” ಅಂದ ಶರಣು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾನೆ. ಸಂಜೆ ಕಲಬುರಗಿಯ ಅಪ್ಪನ ಕೆರೆ ಹತ್ತಿರದ ಚಹಾದಂಗಡಿಯಲ್ಲಿ ನಮಗೂ ಕಲಿಸುತ್ತಾನೆ, ಸಂಬಳ ಇಲ್ಲದೆ.

ಕೇಳಿದವನು ತೊಗರಿ ಬೇಳೆ ಮಿಲ್ಲಿನ ಮಲ್ಲಿನಾಥ. ಮೊಣಕಾಲಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ವಾಟ್ಸಾಪಿನಲ್ಲಿ ಏನೋ ಬಂದಿತ್ತಂತೆ.

“ಅದಕ್ಕೆ ದುಡ್ಡು ಕೊಡೋ ಮೊದಲು ಒಳ್ಳೆ ಡಾಕ್ಟರನ್ನ ಕೇಳು. ನಾನು ಹೇಳ್ತಿರೋದು ಭ್ರೂಣದ ಸ್ಟೆಮ್ ಸೆಲ್ ಕಥೆ. ಅದು ಮುಂದೆ ನರ ಆಗಬಹುದು, ಸ್ನಾಯು ಆಗಬಹುದು, ರಕ್ತ ಆಗಬಹುದು. ಎಲ್ಲದರ ಜೀನೂ ಒಳಗಿದೆ. ಎಲ್ಲ ಒಟ್ಟಿಗೆ ಕೂಗೋಕೆ ಶುರು ಮಾಡಿದರೆ?”

“ಇಲ್ಲಿ ನಾವೆಲ್ಲ ಮಾತಾಡಿದ ಹಾಗೆ” ಅಂದೆ. ಯಾರೂ ನಗಲಿಲ್ಲ.

ಶರಣು ಮುಂದುವರಿಸಿದ. ಒಂದೇ ಒಂದು ಜೀವಕೋಶದ ಡಿಎನ್‌ಎ ಬಿಡಿಸಿ ಎಳೆದರೆ ಸುಮಾರು 2 ಮೀಟರ್.

“2 ಮೀಟರಿನಲ್ಲಿ ಒಂದು ಶರ್ಟ್ ಆರಾಮಾಗಿ ಹೊಲಿಯಬಹುದು. ಮಡಚಿ ಇಡೋದು ಯಾವುದರ ಮೇಲೆ?” ಅಂದರು ಟೇಲರ್ ಸಲೀಂ ಭಾಯ್.

“ಹಿಸ್ಟೋನ್ ಅನ್ನೋ ಪ್ರೋಟೀನ್ ಮೇಲೆ, ಭಾಯ್. ಎಂಟು ಸೇರಿ ಒಂದು ಉಂಡೆ. ಅದಕ್ಕೆ 147 ಜೋಡಿ ಅಕ್ಷರದಷ್ಟು ಡಿಎನ್‌ಎ ಸುತ್ತಿಕೊಂಡಿರುತ್ತೆ. ಈ ಇಡೀ ಸುತ್ತುವಿಕೆಗೇ ಕ್ರೊಮ್ಯಾಟಿನ್ ಅನ್ನೋದು. ಹಿಸ್ಟೋನಿನ ಬಾಲಗಳು ಮಾತ್ರ ಹೊರಗೆ ಚಾಚಿರುತ್ತವೆ. ಅವುಗಳ ಮೇಲೆ ಗುರುತು ಹಾಕೋ ಪ್ರೋಟೀನುಗಳಿವೆ.”

ಇಲ್ಲಿಯವರೆಗೆ ಮಿರ್ಚಿ ಮೇಲೆ ಗಮನವಿಟ್ಟಿದ್ದ ಬಸಣ್ಣ ಕಾಕಾ ತಲೆ ಎತ್ತಿದರು. ಶಿರಸ್ತೇದಾರರಾಗಿ ರಿಟೈರ್ ಆದವರು. “ಗುರುತು ಅಂದರೆ ಷರಾ ಏನು?”

“ಷರಾ ಅಂತಲೇ ಇಟ್ಟುಕೊಳ್ರಿ ಕಾಕಾ. ಎಚ್3 ಅನ್ನೋ ಹಿಸ್ಟೋನಿನ ಬಾಲದಲ್ಲಿ 4ನೇ ಜಾಗಕ್ಕೆ ಮೀಥೈಲ್ ಅನ್ನೋ ಪುಟ್ಟ ರಾಸಾಯನಿಕ ತುಣುಕು ಮೂರು ಅಂಟಿಸಿದರೆ ‘ಮಂಜೂರು’ ಅಂದ ಹಾಗೆ. 27ನೇ ಜಾಗಕ್ಕೆ ಮೂರು ಅಂಟಿಸಿದರೆ ‘ತಡೆಹಿಡಿಯಲಾಗಿದೆ’. ಈ ಎರಡನೇದನ್ನ ಬರೆಯೋದು ಪಿಆರ್‌ಸಿ2 ಅನ್ನೋ ತಂಡ. ಅದರಲ್ಲಿ ಪೆನ್ನು ಹಿಡಿದವನು ಇಝಡ್‌ಎಚ್2 ಅನ್ನೋ ಕಿಣ್ವ. ಪಿಆರ್‌ಸಿ1 ಅಂತ ಇನ್ನೊಂದು ತಂಡ ಆ ಷರಾ ಓದಿ, ಅಕ್ಕಪಕ್ಕದ ಕ್ರೊಮ್ಯಾಟಿನನ್ನು ಬಿಗಿ ಮಾಡುತ್ತೆ. ತನ್ನದೂ ಒಂದು ಗುರುತು ಒತ್ತುತ್ತೆ.”

“ಎರಡು ಸಹಿ. ಸರಿಯಾದ ಪದ್ಧತಿ” ಅಂದರು ಕಾಕಾ.

“ಮಜಾ ಇನ್ನು ಮುಂದಿದೆ. 2006ರಲ್ಲಿ ಇಲಿಯ ಭ್ರೂಣದ ಸ್ಟೆಮ್ ಸೆಲ್ ನೋಡಿದವರಿಗೆ ಮುಖ್ಯ ಮುಖ್ಯ ಜೀನುಗಳ ಮೇಲೆ ಎರಡೂ ಷರಾ ಒಟ್ಟಿಗೆ ಸಿಕ್ಕವು.”

“ಮಂಜೂರಾಗಿದೆ, ಆದರೆ ತಡೆಹಿಡಿದಿದೆ!” ಕಾಕಾ ಮೇಜು ಕುಟ್ಟಿದರು. ಬಸಿಯಲ್ಲಿದ್ದ ಚಹಾ ಸಲೀಂ ಭಾಯ್ ಪೈಜಾಮಕ್ಕೆ ಹೋಯಿತು. “ನಾವು ಹೀಗೆ ಬರೆದರೆ ಬೈತಿದ್ರಿ. ದೇವರು ಬರೆದರೆ ವಿಜ್ಞಾನ!”

ನನ್ನ ಖಾತಾ ಬದಲಾವಣೆಯ ಅರ್ಜಿಯೂ ಒಂದು ಆಫೀಸಿನಲ್ಲಿ ಇದೇ ಅವಸ್ಥೆಯಲ್ಲಿದೆ. ಹೇಳಲು ಬಾಯಿ ತೆರೆದೆ, ಮಲ್ಲಿನಾಥ ಬಿಡಲಿಲ್ಲ. “ಅದರಿಂದ ಲಾಭ ಏನಪಾ?”

“ಫೈಲು ರೆಕಾರ್ಡ್ ರೂಮಿಗೆ ಹೋಗಿಲ್ಲ, ಟೇಬಲ್ ಮೇಲೇ ಇದೆ. ನರ ಆಗು ಅಂತ ಸಂಕೇತ ಬಂತು ಅನ್ನು. ನರದ ಜೀನಿನಿಂದ ತಡೆ ತೆಗೆದರೆ ಸಾಕು, ಮಂಜೂರಿ ಮೊದಲೇ ಇದೆ. ಬೇಡದ ಎಷ್ಟೋ ಫೈಲುಗಳಲ್ಲಿ ಕೋಶ ಮಂಜೂರಿ ಅಳಿಸಿ ತಡೆ ಉಳಿಸುತ್ತೆ. ಪಿಆರ್‌ಸಿ2 ಕೆಲಸ ಮಾಡದ ಹಾಗೆ ಮಾಡಿದ ಇಲಿಯ ಸ್ಟೆಮ್ ಸೆಲ್ಲುಗಳು ಗಾಜಿನ ತಟ್ಟೆಯಲ್ಲಿ ಬದುಕುತ್ತವೆ, ಬೆಳೆಯುತ್ತವೆ. ಏನಾದರೂ ಆಗು ಅಂದಾಗಲೇ ಎಡವಟ್ಟು ಮಾಡಿಕೊಳ್ಳೋದು.”

“ಶಿರಸ್ತೇದಾರ ಇಲ್ಲದ ಆಫೀಸು” ಅಂದರು ಕಾಕಾ. ಆ ಸಂಜೆ ಅವರಷ್ಟು ಖುಷಿಯಾಗಿ ಯಾರೂ ಇರಲಿಲ್ಲ.

ಈ ಪಿಆರ್‌ಸಿ ತಂಡಗಳ ಮೊದಲ ಸುಳಿವು ಸಿಕ್ಕಿದ್ದು ಹಣ್ಣಿನ ನೊಣದಲ್ಲಂತೆ. ಗಂಡು ನೊಣಕ್ಕೆ ಮುಂಗಾಲಿನಲ್ಲಿ ಮಾತ್ರ ಹಣಿಗೆಯಂಥ ಬಿರುಗೂದಲ ಸಾಲು ಇರುತ್ತದೆ. 1947ರಲ್ಲಿ ಪಮೇಲಾ ಲೂಯಿಸ್ ಅನ್ನುವವರು ಹಿಂದಿನ ಕಾಲುಗಳಲ್ಲೂ ಹಣಿಗೆ ಬರುವ ಒಂದು ವ್ಯತ್ಯಾಸವನ್ನು ವಿವರಿಸಿದರು. ಅದಕ್ಕೇ ಪಾಲಿಕೋಂಬ್, ಅಂದರೆ ಹಲವು ಹಣಿಗೆ, ಎಂದು ಹೆಸರು. ಪಿಆರ್‌ಸಿಯ ‘ಪಿ’ ಇದೇ. ಮುಚ್ಚಿರಬೇಕಾದ ಜೀನು ತೆರೆದುಕೊಂಡಿತ್ತು, ಅಷ್ಟೇ.

“ನೊಣಕ್ಕೆ ಕಾಲಿಗೊಂದು ಹಣಿಗೆ” ಅಂದ ಮಲ್ಲಿನಾಥ, ನನ್ನ ಬೋಳು ತಲೆ ನೋಡುತ್ತಾ. “ಬೇಕಾದವರಿಗೆ ಕೊಡಲ್ಲ, ನೋಡು.”

ನಾನು ಮಾತು ತಿರುಗಿಸಿದೆ. “ಕೋಶ ಒಡೆದು ಎರಡಾಗುತ್ತಲ್ಲ, ಆಗ ಷರಾ ಎಲ್ಲಿ ಹೋಗುತ್ತೆ?”

“ಗುರುತಿರೋ ಹಳೇ ಹಿಸ್ಟೋನ್ ಡಿಎನ್‌ಎಯ ಎರಡೂ ಪ್ರತಿಗೆ ಹಂಚಿಹೋಗುತ್ತೆ. ನಡುವೆ ಗುರುತಿಲ್ಲದ ಹೊಸವು ಬಂದು ಕೂರುತ್ತವೆ. ಪಿಆರ್‌ಸಿ2ನಲ್ಲಿ ಇಇಡಿ ಅಂತ ಒಂದು ಭಾಗ ಇದೆ. ಅದು ಹಳೇ ಗುರುತನ್ನು ಹಿಡಿದುಕೊಂಡರೆ ಇಝಡ್‌ಎಚ್2 ಚುರುಕಾಗಿ ಪಕ್ಕದ್ದಕ್ಕೂ ಅದನ್ನೇ ಬರೆಯುತ್ತೆ.”

“ಹಿಂದಿನವರ ಷರಾ ನೋಡಿ ಅದನ್ನೇ ಬರೆಯೋದು! ಸರ್ವೀಸ್ ಪೂರ್ತಿ ನಾನು ಮಾಡಿದ್ದೇ ಅದು.”

“ಅಳಿಸೋ ಕಿಣ್ವಗಳೂ ಇವೆ ಕಾಕಾ. 2007ರಲ್ಲಿ ಸಿಕ್ಕವು.”

ಕಾಕಾ ಮುಖ ಸಪ್ಪಗಾಯಿತು. ಆದರೆ ತಡೆ ಹಾಕುವುದೂ ಅತಿಯಾಗಬಾರದಲ್ಲ. ಕೆಲವು ಲಿಂಫೋಮಾ ಕ್ಯಾನ್ಸರುಗಳಲ್ಲಿ ಇಝಡ್‌ಎಚ್2 ಮಿತಿಮೀರಿ ಬರೆಯುತ್ತದೆ. ಅದರ ಕೈ ಹಿಡಿಯುವ ಟಾಜೆಮೆಟೊಸ್ಟಾಟ್ ಅನ್ನುವ ಔಷಧಿಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು.

“ಇದೆಲ್ಲ ಸರಿ. ಕಣ್ಣಿಗೆ ಕಾಣೋದು ಏನಾದರೂ ತೋರಿಸು” ಅಂದರು ಸಲೀಂ ಭಾಯ್, ಪೈಜಾಮ ಒರೆಸುತ್ತಾ.

ಶರಣು ಬೆಂಚಿನ ಕೆಳಗೆ ಬೆರಳು ತೋರಿಸಿದ. ಅಂಗಡಿಯ ಬೆಕ್ಕು ಸುಲ್ತಾನ ಮಲಗಿತ್ತು. ಹೊಟ್ಟೆ ಬಿಳಿ. ಬೆನ್ನ ಮೇಲೆ ಕೇಸರಿ ತೇಪೆ, ಕಪ್ಪು ತೇಪೆ. ಒಂದು ಕಿವಿ ಕೇಸರಿ, ಇನ್ನೊಂದು ಇದ್ದಿಲು.

“ಕೇಸರಿಯೋ ಕಪ್ಪೋ ಅಂತ ಹೇಳೋ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಣ್ಣಿಗೆ ಎಕ್ಸ್ ಎರಡು. ಹೆಣ್ಣಿಲಿಯ ಭ್ರೂಣದ ಸ್ಟೆಮ್ ಸೆಲ್ಲಿನಲ್ಲಿ ಎರಡೂ ಕೆಲಸ ಮಾಡ್ತಿರುತ್ತವೆ. ಬೇರೆ ಬೇರೆ ಕೋಶ ಆಗೋಕೆ ಹೊರಟಾಗ ಒಂದು ಪೂರ್ತಿ ಬಂದ್. ಬಂದ್ ಆದ ಎಕ್ಸ್ ಮೇಲೂ ಈ ಪಾಲಿಕೋಂಬ್ ತಂಡ ಬಂದು ಕೂರುತ್ತೆ. ಯಾವ ಎಕ್ಸ್ ಬಂದ್ ಅನ್ನೋದು ಚೀಟಿ ಎತ್ತಿದ ಹಾಗೆ. ಆಮೇಲೆ ಆ ಕೋಶದ ಮಕ್ಕಳು ಮರಿಮಕ್ಕಳೆಲ್ಲ ಅದನ್ನೇ ಪಾಲಿಸುತ್ತವೆ. ಬೆಕ್ಕಿನಲ್ಲಿ ಈ ತೇಪೆ ಮೂಡೋದು ಹೀಗೆ. 1961ರಲ್ಲೇ ಮೇರಿ ಲಯನ್ ಹೇಳಿದ್ದು, ಒಂದು ಎಕ್ಸ್ ಸುಮ್ಮನಾಗುತ್ತೆ ಅಂತ. ಬಿಳಿ ಬಣ್ಣದ ಜೀನು ಮಾತ್ರ ಬೇರೆ.”

ಮಲ್ಲಿನಾಥ ಲೆಕ್ಕ ಹಾಕಿದ. “ಅಂದರೆ ಸುಲ್ತಾನ ಹೆಣ್ಣು?”

“ಬಹುತೇಕ ಖಂಡಿತ. ಅಪರೂಪಕ್ಕೆ ಎಕ್ಸ್ ಒಂದು ಜಾಸ್ತಿ ಇರೋ ಗಂಡೂ ಹೀಗಿರಬಹುದು.”

ಎಲ್ಲರೂ ಅಂಗಡಿಯವನ ಕಡೆ ನೋಡಿದೆವು. ಅವನು ಚಹಾ ಸೋಸುತ್ತಲೇ ಇದ್ದ.

“ಎರಡು ಸಲ ಮರಿ ಹಾಕಿದೆ, ಸರ್. ನನಗೆ ಗೊತ್ತಿಲ್ವಾ? ಸುಲ್ತಾನ ಅಂದರೇನೇ ಹಾಲಿಗೆ ಬರೋದು.”