‘ಜಿನ್’: ಹತ್ತಿಯದು, ಬಾಟಲಿಯದು, ದೀಪದ್ದು

ನಮಸ್ಕಾರ. ಹುಬ್ಬಳ್ಳಿ, ಗದಗ ಕಡೆ ‘ಜಿನ್’ ಅಂದರೆ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ. ಹೊಲದಿಂದ ಬಂದ ಹತ್ತಿಯಲ್ಲಿ ಕಾಳು ಬೇರೆ, ಅರಳೆ ಬೇರೆ ಮಾಡುವ ಜಾಗ. ಇಂಗ್ಲಿಷ್ ನಿಘಂಟು ತೆಗೆದರೆ ಅದೇ ಅಕ್ಷರಗಳಲ್ಲಿ ಒಂದು ಮದ್ಯದ ಹೆಸರೂ ಸಿಗುತ್ತದೆ. ಎರಡಕ್ಕೂ ಏನಾದರೂ ನಂಟಿದೆಯಾ ಅಂತ ಕಾಲೇಜು ಹುಡುಗರು ಆಗಾಗ ಕೇಳುತ್ತಾರೆ. ನಂಟಿಲ್ಲ. ಎರಡೂ ಬೇರೆ ಬೇರೆ ಪದಗಳು. ಸವೆದು ಸವೆದು ಒಂದೇ ರೂಪಕ್ಕೆ ಬಂದು ನಿಂತಿವೆ, ಅಷ್ಟೇ.

ಹತ್ತಿಯ ಜಿನ್ ಹುಟ್ಟಿದ್ದು ‘ಎಂಜಿನ್’ ಪದದಿಂದ. ಕನ್ನಡದಲ್ಲಿ ಬರೆದು ನೋಡಿದರೆ ಥಟ್ಟನೆ ಕಾಣುತ್ತದೆ: ಮುಂದಿನ ‘ಎಂ’ ಉದುರಿದರೆ ಉಳಿಯುವುದು ಜಿನ್. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ‘ಎಂಜಿನ್’ ಜನರ ಬಾಯಲ್ಲಿ ಹೀಗೆ ಮೊಟಕಾಯಿತು. ಅದರ ಹಿಂದೆ ಲ್ಯಾಟಿನ್ನಿನ ‘ಇಂಗೇನಿಯುಂ’ ಇದೆ. ಅಂದರೆ ಹುಟ್ಟಿನಿಂದ ಬಂದ ಜಾಣತನ. ಆ ಪದದ ಒಳಗಿರುವ ‘ಗೆನ್’ ಧಾತುವೂ ನಮ್ಮ ಜನನ, ಜನ್ಮ ಪದಗಳಲ್ಲಿರುವ ಸಂಸ್ಕೃತದ ‘ಜನ್’ ಧಾತುವೂ ಒಂದೇ ಬೇರಿನವು. ‘ಎಂಜಿನಿಯರ್’ ಕೂಡ ಇದೇ ಮನೆತನದ್ದು. ನನಗೆ ಈ ಪದದಲ್ಲಿ ಬಹಳ ಇಷ್ಟವಾಗುವ ಸಂಗತಿ ಇದೇ. ಮೊದಲು ಜಾಣತನ, ಆಮೇಲೆ ಜಾಣತನದಿಂದ ಹೂಡಿದ ಉಪಾಯ, ಕೊನೆಗೆ ಆ ಉಪಾಯದಿಂದ ಮಾಡಿದ ಯಂತ್ರ. ಅರ್ಥ ತಲೆಯಿಂದ ಕೈಗೆ ಇಳಿಯಿತು.

ಹಾಗಾಗಿ ಹಳೆಯ ಇಂಗ್ಲಿಷಿನಲ್ಲಿ ಪ್ರಾಣಿ, ಪಕ್ಷಿ ಹಿಡಿಯುವ ಬಲೆಗೂ ಉರುಲಿಗೂ ಜಿನ್ ಅನ್ನುತ್ತಿದ್ದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಪದ ಇದೇ ಅರ್ಥದಲ್ಲಿ ಬರುತ್ತದೆ. ಭಾರ ಎತ್ತುವ ಮೂರು ಕಾಲಿನ ರಾಟೆಗೂ ಅದೇ ಹೆಸರು. ಅಮೆರಿಕದ ಎಲಿ ವಿಟ್ನಿ 1794ರಲ್ಲಿ ಪೇಟೆಂಟ್ ಪಡೆದ ಹತ್ತಿ ಯಂತ್ರಕ್ಕೆ ‘ಕಾಟನ್ ಜಿನ್’ ಅಂದಾಗ ಯಾರಿಗೂ ಅದು ಹೊಸ ಮಾತು ಅನಿಸಿರಲಿಕ್ಕಿಲ್ಲ.

ನಮ್ಮ ಸೀಮೆಗೆ ಈ ಪದ ಯಂತ್ರದ ಜೊತೆಗೇ ಬಂತು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಧಾರವಾಡ ಭಾಗಕ್ಕೆ ಕರೆಸಿತು. ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತು. ಆ ತಳಿಗೆ ‘ಧಾರವಾಡ-ಅಮೆರಿಕನ್’ ಅಂತಲೇ ಹೆಸರಾಯಿತು. ಗರಗಸದ ಹಲ್ಲಿನ ಜಿನ್‌ಗಳು ಬಂದದ್ದು ಅದರ ಬೆನ್ನಿಗೇ. ಊರಿನ ಹಳೆಯ ಹತ್ತಿಗೆ ವ್ಯಾಪಾರಿಗಳು ‘ಕುಮಟಾ’ ಅನ್ನುತ್ತಿದ್ದರು. ಬೆಳೆದದ್ದು ಇಲ್ಲಿ, ಹಡಗು ಹತ್ತಿದ್ದು ಕುಮಟೆಯಲ್ಲಿ, ಹೆಸರು ಮಾತ್ರ ಬಂದರಿನದು!

ಇನ್ನು ಮದ್ಯದ ಜಿನ್. ಇದು ಡಚ್ಚರ ‘ಯೆನೇವರ್’ ಪದದ ತುಂಡು. ಮೂಲ ಲ್ಯಾಟಿನ್ನಿನ ‘ಯೂನಿಪೆರುಸ್’, ಅಂದರೆ ಜೂನಿಪರ್ ಗಿಡ. ಅದರ ಕಾಯಿಯಿಂದಲೇ ಆ ಮದ್ಯಕ್ಕೆ ಘಮ ಬರುವುದು. ಇಂಗ್ಲಿಷರು ಅದನ್ನು ‘ಜಿನೀವಾ’ ಮಾಡಿಕೊಂಡರು. ಸ್ವಿಟ್ಜರ್ಲೆಂಡಿನ ಊರಿಗೂ ಇದಕ್ಕೂ ಏನೂ ಸಂಬಂಧವಿಲ್ಲ. 18ನೇ ಶತಮಾನದ ಆರಂಭದ ಹೊತ್ತಿಗೆ ಅದು ಬರೀ ಜಿನ್ ಆಗಿತ್ತು.

ಹುಬ್ಬಳ್ಳಿಯಲ್ಲಿ ಮೂರನೆಯ ಜಿನ್ ಕೂಡ ಕಿವಿಗೆ ಬೀಳುತ್ತದೆ. ಉರ್ದು ಮಾತಾಡುವ ಮನೆಗಳಲ್ಲಿ ಕಣ್ಣಿಗೆ ಕಾಣದ ಜೀವಿಗೆ ಹೇಳುವ ಪದ ಅದು. ಅರಬ್ಬಿಯದು, ‘ಮರೆಯಾಗು’ ಎಂಬ ಅರ್ಥದ ಧಾತುವಿನದು. ಇಲ್ಲಿ ಒಂದು ಸೊಗಸಾದ ತಿರುವಿದೆ. ಅರಬ್ಬಿ ಕಥೆಗಳನ್ನು 18ನೇ ಶತಮಾನದಲ್ಲಿ ಫ್ರೆಂಚಿಗೆ ತಂದವರು ಈ ಜಿನ್‌ಗೆ ತಮ್ಮಲ್ಲೇ ಇದ್ದ ‘ಜೆನಿ’ ಪದವನ್ನು ಬಳಸಿದರು. ಸದ್ದೂ ಹತ್ತಿರ, ಅರ್ಥವೂ ಹತ್ತಿರ. ಆ ‘ಜೆನಿ’ ಬಂದದ್ದು ಲ್ಯಾಟಿನ್ನಿನ ‘ಗೆನಿಯುಸ್’ನಿಂದ, ಅದರಲ್ಲೂ ಇರುವುದು ಅದೇ ‘ಗೆನ್’. ಅಂದರೆ ದೀಪದಿಂದ ಏಳುವ ಜೀನಿಯ ಇಂಗ್ಲಿಷ್ ಹೆಸರೂ ಗದಗಿನ ಹತ್ತಿ ಜಿನ್ನೂ ದೂರದ ಬಳಗ. ಅರಬ್ಬಿಯ ಜಿನ್ ಮಾತ್ರ ಹೊರಗಿನದು.

ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳು ಇವನ್ನು ಬೇರೆ ಬೇರೆ ನಮೂದುಗಳಾಗಿಯೇ ಕೊಡಬೇಕು. ಒಂದರ ಕೆಳಗೆ ಒಂದು ಸುಮ್ನೆ ಪೇರಿಸಿದರೆ ಓದುವವರು ಇಲ್ಲದ ಸಂಬಂಧ ಹುಡುಕುತ್ತಾರೆ. ಹತ್ತಿಯ ಅರ್ಥಕ್ಕೆ ‘ಬೀಜ ಬೇರ್ಪಡಿಸುವ ಯಂತ್ರ’ ಎಂದು ಬರೆದು ಮುಗಿಸುವುದೂ ಸಾಲದು. ‘ಅರಳೆ’, ‘ಹತ್ತಿಕಾಳು’ ಎಂಬ ಮಾತುಗಳು ಅಲ್ಲಿ ಬರಲೇಬೇಕು, ಅಲ್ವಾ?

ಈಗ ನನ್ನ ಪ್ರಶ್ನೆ. ಗಿಡದಿಂದ ಹತ್ತಿ ‘ಬಿಡಿಸುತ್ತೇವೆ’. ಅರಳೆಯನ್ನು ‘ಹಿಂಜುತ್ತೇವೆ’. ಇವೆರಡರ ನಡುವೆ ಕಾಳು ತೆಗೆಯುವ ಕೆಲಸಕ್ಕೆ ಈಗ ಎಲ್ಲರೂ ‘ಜಿನ್ ಮಾಡಿಸುವುದು’ ಅನ್ನುತ್ತಾರೆ. ಯಂತ್ರ ಬರುವ ಮುಂಚೆ ಮನೆಯಲ್ಲೇ ಕಾಳು ತೆಗೆಯುತ್ತಿದ್ದವರ ಬಾಯಲ್ಲಿ ಯಾವ ಕ್ರಿಯಾಪದ ಇತ್ತು? ಹಾವೇರಿ, ರಾಣೆಬೆನ್ನೂರು, ರೋಣ, ನವಲಗುಂದದ ಕಡೆಯವರು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಪದದ ಜೊತೆ ಊರಿನ ಹೆಸರನ್ನೂ, ಆ ಪದ ಬಳಸಿದ ಒಂದು ಪೂರ್ತಿ ವಾಕ್ಯವನ್ನೂ ಕೊಟ್ಟರೆ ತುಂಬ ಉಪಕಾರ.