ರಿಕರೆನ್ಸ್ ಪ್ಲಾಟ್ (ಹಳೇ ಸ್ಥಿತಿ ಮತ್ತೆ ಬಂದಾಗೆಲ್ಲ ಕಪ್ಪು ಚುಕ್ಕಿ ಹಾಕೋ ಚಿತ್ರ) ಮಾಡಿರೋರು ಯಾರಾದ್ರೂ ಇದ್ರೆ ಅನುಭವ ಹೇಳಿ

ಥೀಸಿಸ್_ಸಂಕಟ: 42 ಜನರ ಇಸಿಜಿ ಇದೆ, ಒಬ್ಬೊಬ್ರದ್ದು 20 ನಿಮಿಷ. ಬಡಿತದಿಂದ ಬಡಿತಕ್ಕಿರೋ ಗ್ಯಾಪ್ ತೆಗೆದಿಟ್ಟಿರೋ ಫೈಲ್ ಇದೆ. ಗೈಡ್ ಆರ್‌ಕ್ಯೂಎ (ಆ ಪ್ಲಾಟಿನ ಚುಕ್ಕಿ ಗೆರೆ ಎಣಿಸೋ ಲೆಕ್ಕ) ಮಾಡು ಅಂತಿದಾರೆ. ಎಪ್ಸಿಲಾನ್ (ಎಷ್ಟು ಹತ್ತಿರ ಇದ್ರೆ ಒಂದೇ ಸ್ಥಿತಿ ಅನ್ನೋ ಮಿತಿ) ಎಷ್ಟಿಡೋದು ಅಂತಾನೇ ತಿಳೀತಿಲ್ಲ. ಸುಮ್ನೆ ಎಫ್‌ಎಫ್‌ಟಿ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅನ್ನೋ ಲೆಕ್ಕ) ಮಾಡಿ ಮುಗಿಸ್ಲಾ?

ಮಳೆ_ಲೆಕ್ಕ: ನಂದು ಇಸಿಜಿ ಅಲ್ಲ, ಮಳೆ. ಹವಾಮಾನ ಇಲಾಖೆಯ ಗ್ರಿಡ್ ಡೇಟಾ 1901ರಿಂದ ಇದೆಯಲ್ಲ, ಅದ್ರಲ್ಲಿ ಚಿತ್ರದುರ್ಗದ ಕಡೆ ಒಂದು ಚೌಕ ತಗೊಂಡು 50 ವರ್ಷದ ದಿನದಿನದ ಮಳೆ ಹಾಕಿದೆ. ಪ್ಲಾಟ್ ತುಂಬಾ ಕರೀ ಕರೀ ಚೌಕ, ಲ್ಯಾಮಿನಾರಿಟಿ (ನೆಟ್ಟನೆ ಗೆರೆಯಲ್ಲಿ ಸೇರಿರೋ ಚುಕ್ಕಿಗಳ ಪಾಲು) 0.97, ನಾನು ಕುಣಿದಾಡಿಬಿಟ್ಟೆ. ನಾಲ್ಕು ತಿಂಗಳು ಆ ಚೌಕಗಳಿಗೆ ಅರ್ಥ ಬರ್ಕೊಂಡು ಕೂತಿದ್ದೆ. ಒಂದಿನ ಊಟಕ್ಕೆ ಕೂತಾಗ ಹೊಳೀತು, ಅಯ್ಯೋ ಅವೆಲ್ಲ ಮಳೆನೇ ಬರದ ದಿನಗಳು! ಸೊನ್ನೆ ಪಕ್ಕ ಸೊನ್ನೆ ಇದ್ರೆ ರಿಕರೆನ್ಸ್ ಆಗದೆ ಇನ್ನೇನಾಗುತ್ತೆ. ಚಿತ್ರದುರ್ಗದಲ್ಲಿ ಮಳೆ ಕಮ್ಮಿ ಅಂತ ಹೇಳೋಕೆ ಟಾಕೆನ್ಸ್ ಥಿಯರಮ್ಮಿನಂಥ ದೊಡ್ಡ ಗಣಿತ ಬೇಕಿತ್ತಾ? ಜೂನ್‌ನಿಂದ ಸೆಪ್ಟೆಂಬರ್ ಮಾತ್ರ ಇಟ್ಕೊಂಡು ಐದೈದು ದಿನ ಕೂಡಿಸಿ ಮೊದಲಿಂದ ಮಾಡ್ದೆ. ಒಂದು ಚಾಪ್ಟರ್ ಪೂರ್ತಿ ಕಸದಬುಟ್ಟಿಗೆ.

ಗೇರ್_ಗಡಗಡ: ರಿಕರೆನ್ಸ್ ಸಹವಾಸ ಮಾಡ್ಬೇಡಿ ಗುರು. ಗೇರ್‌ಬಾಕ್ಸ್ ವೈಬ್ರೇಶನ್, 20 ಕಿಲೋಹರ್ಟ್ಸ್, ಬರೀ 10 ಸೆಕೆಂಡ್. 2 ಲಕ್ಷ ಪಾಯಿಂಟ್. ಎಲ್ಲಾನೂ ಎಲ್ಲದಕ್ಕೂ ಹೋಲಿಸ್ಬೇಕು, ಮ್ಯಾಟ್ರಿಕ್ಸ್ ಅಂದ್ರೆ 2 ಲಕ್ಷ ಇಂಟು 2 ಲಕ್ಷ, 4000 ಕೋಟಿ ಚುಕ್ಕಿ, ಒಂದಕ್ಕೊಂದು ಬೈಟ್ ಅಂದ್ರೂ 40 ಜಿಬಿ. ನನ್ ಲ್ಯಾಪ್‌ಟಾಪ್ ಸತ್ತೇಹೋಯ್ತು. ಕೈಯಿಂದ 9,400 ರೂಪಾಯಿ ಹಾಕಿ ರ‍್ಯಾಮ್ 32ಕ್ಕೆ ಏರಿಸ್ದೆ, ಆಗ್ಲೂ ಹ್ಯಾಂಗ್, 40 ಬೇಕಾದ್ರೆ 32 ಸಾಲುತ್ತಾ ಅಂತ ಮನೇಲಿ ಕೇಳಿದ್ರು, ಏನ್ ಹೇಳ್ಲಿ. ಕೊನೆಗೆ 5000 ಪಾಯಿಂಟಿನ ತುಂಡು ಮಾಡ್ಕೊಂಡು ಮುಗಿಸ್ದೆ. ಅಷ್ಟ್ರಲ್ಲಿ ಫ್ಯಾಕ್ಟ್ರಿ ಮೆಕ್ಯಾನಿಕ್ ಸ್ಕ್ರೂಡ್ರೈವರ್ ತುದಿ ಬೇರಿಂಗ್ ಹೌಸಿಂಗ್‌ಗೂ ಹಿಡಿ ಕಿವಿಗೂ ಇಟ್ಟು "ಎರಡನೇದು ಹೋಗಿದೆ ಸಾರ್" ಅಂದಿದ್ದ. ಅದೇ ಸರಿ ಇತ್ತು. ಇದೆಲ್ಲ ಬರೀ ರಂಗೋಲಿ, ನೋಡೋಕ್ ಚಂದ.

ನಾಡಿ_ಲೆಕ್ಕ: ರಂಗೋಲಿ ಅಂತೆ. 1987ರಲ್ಲಿ ಎಕ್‌ಮನ್ ಅವ್ರೆಲ್ಲ ಈ ಪ್ಲಾಟ್ ಶುರು ಮಾಡಿದ್ದು ನೋಡೋಕೇ ಹೌದು, ಆದ್ರೆ ಆ ಗೆರೆಗಳನ್ನ ಎಣಿಸಿ ಅಳತೆ ಮಾಡಿದ್ದು ಜ್ಬಿಲುಟ್ ಮತ್ತೆ ವೆಬರ್, ಅವ್ರು ಫಿಸಿಯಾಲಜಿಯವ್ರು. ಗೇರ್‌ಬಾಕ್ಸಿಗಿಂತ ಮೊದ್ಲು ಇದು ಹೃದಯ ಉಸಿರಾಟದ ಕೆಲಸ ರೀ. ನಾನು ಮಾಡಿದ್ದೂ ಇದೇ ಥರದ ಬಡಿತದ ಡೇಟಾ. ತಪ್ಪೂ ಮಾಡ್ದೆ, ಗ್ಯಾಪುಗಳನ್ನ 4 ಹರ್ಟ್ಸ್‌ಗೆ ಇಂಟರ್‌ಪೊಲೇಟ್ ಮಾಡ್ದೆ, ಅಂದ್ರೆ ನಡುವೆ ಬಿಂದು ತುಂಬಿ ಸೆಕೆಂಡಿಗೆ 4 ಮಾಡ್ದೆ. ಎಲ್ಲರಿಗೂ ಡಿಟರ್ಮಿನಿಸಂ (ಓರೆಗೆರೆಯಲ್ಲಿ ಸೇರಿರೋ ಚುಕ್ಕಿಗಳ ಪಾಲು) 0.98, ಹುಷಾರಿರೋರಿಗೂ ಅಷ್ಟೇ ಇಲ್ಲದೋರಿಗೂ ಅಷ್ಟೇ! ನಯ ಮಾಡಿದ್ರೆ ಉದ್ದುದ್ದ ಓರೆಗೆರೆ ತಾನೇ ಬರುತ್ತೆ, ಹೃದಯಕ್ಕೂ ಅದಕ್ಕೂ ಸಂಬಂಧಾನೇ ಇಲ್ಲ. ರಿವ್ಯೂವರ್ ಸರೋಗೇಟ್ (ಹೋಲಿಸೋಕೆ ಅಂತ ಕಲಸಿ ಮಾಡೋ ನಕಲಿ ಡೇಟಾ) ಎಲ್ಲಿ ಅಂದ, ಒಬ್ಬೊಬ್ರಿಗೆ 19 ಮಾಡೋಷ್ಟರಲ್ಲಿ ದೀಪಾವಳಿ ಹೋಗಿ ಯುಗಾದಿ ಬಂತು. ಎಕ್ಟೋಪಿಕ್ ಬೀಟ್ (ಅಕಾಲದ ಬಡಿತ) ಒಂದಿದ್ರೆ ಎರಡು ಗ್ಯಾಪ್ ಹಾಳು, ಎಂಬೆಡಿಂಗ್ 5 ಇಟ್ರೆ, ಅಂದ್ರೆ ಐದೈದು ಗ್ಯಾಪ್ ಸೇರಿಸಿ ಒಂದು ವೆಕ್ಟರ್ ಮಾಡಿದ್ರೆ, ಆರು ವೆಕ್ಟರ್ ಹಾಳು, ಪ್ಲಾಟ್ ಮೇಲೆ ಅಡ್ಡಡ್ಡ ಉದ್ದುದ್ದ ಬಿಳೀ ಪಟ್ಟೆ. ಒಂದೊಂದೇ ಕಣ್ಣಲ್ಲಿ ನೋಡಿ ತೆಗೆದಿದೀನಿ. ಎಪ್ಸಿಲಾನ್‌ಗೆ ತಲೆ ಕೆಡಿಸ್ಕೋಬೇಡಿ, ಆರ್‌ಆರ್ ಎಲ್ರಿಗೂ 5% ಫಿಕ್ಸ್ ಮಾಡಿ.

ನೈಟ್_ಡ್ಯೂಟಿ: ಆರ್‌ಆರ್ ಹೇಗ್ರೀ ಫಿಕ್ಸ್ ಮಾಡ್ತೀರಾ? ಎಲ್ರ ಎದೆನೂ ಒಂದೇ ಥರ ಬಡೀಬೇಕಾ? ಇಂಥೋರೆಲ್ಲ ಪೇಪರ್ ಬರೀತಾರೆ.

ನಾಡಿ_ಲೆಕ್ಕ: ಮೇಡಂ, ಆರ್‌ಆರ್ ಅಂದ್ರೆ ರಿಕರೆನ್ಸ್ ರೇಟ್. ಪ್ಲಾಟಲ್ಲಿ ಎಷ್ಟು ಭಾಗ ಕಪ್ಪು ಅಂತ.

ನೈಟ್_ಡ್ಯೂಟಿ: ಇಸಿಜಿ ವಿಷ್ಯದಲ್ಲಿ ಆರ್‌ಆರ್ ಅಂದ್ರೆ ಒಂದೇ ಅರ್ಥ, ಬಡಿತದಿಂದ ಬಡಿತಕ್ಕಿರೋ ಗ್ಯಾಪ್. ಬೇರೆ ಹೆಸರು ಸಿಗ್ಲಿಲ್ವಾ ನಿಮಗೆ?

ಗೇರ್_ಗಡಗಡ: ಹ್ಹಹ್ಹ. ಅಲ್ದೆ 5% ಫಿಕ್ಸ್ ಮಾಡಿದ್ರೆ ಏರಿಳಿತ ಜಾಸ್ತಿ ಇರೋನಿಗೂ ಕಮ್ಮಿ ಇರೋನಿಗೂ ವ್ಯತ್ಯಾಸನೇ ಅಳಿಸಿಹೋಗುತ್ತೆ. ನಾನು ಎಪ್ಸಿಲಾನ್ನೇ ಫಿಕ್ಸ್ ಮಾಡಿದ್ದು.

ನಾಡಿ_ಲೆಕ್ಕ: ಅದಕ್ಕೇ ನಿಮಗೆ ಸ್ಕ್ರೂಡ್ರೈವರ್ ಬೇಕಾಗಿದ್ದು. ಏರಿಳಿತ ನೋಡೋಕೆ ಸ್ಟ್ಯಾಂಡರ್ಡ್ ಡೀವಿಯೇಶನ್ ಇದೆ, ಇಲ್ಲಿ ನೋಡೋದು ವಿನ್ಯಾಸ.

ಮಳೆ_ಲೆಕ್ಕ: ಇಬ್ರೂ ಎರಡೂ ಥರ ಮಾಡಿ ಟೇಬಲ್ ಹಾಕ್ರಪ್ಪ, ಎಷ್ಟೊತ್ತಿನ ಕೆಲ್ಸ. ಅಂದಹಾಗೆ ಗೇರ್ ಅವ್ರೇ, ಆ ರ‍್ಯಾಮ್ ಕೊಡೋದಿದ್ರೆ ಹೇಳಿ.

ಗೇರ್_ಗಡಗಡ: ಡಿಡಿಆರ್4, 6000 ರೂಪಾಯಿ.

ಥೀಸಿಸ್_ಸಂಕಟ: ನಾಡಿ ಸರ್, ಈಗ ಫೈಲ್ ತೆಗ್ದು ನೋಡ್ದೆ. ಎಲ್ಲರದ್ದೂ ಸರಿಯಾಗಿ 4800 ಸಾಲು ಇದೆ. 20 ನಿಮಿಷಕ್ಕೆ 4 ಹರ್ಟ್ಸ್ ಅಂದ್ರೆ ಅಷ್ಟೇ ಅಲ್ವಾ ಆಗೋದು, ಅಂದ್ರೆ ಇದೂ ಆಗ್ಲೇ ನಯ ಮಾಡಿರೋದೇ... ಒರಿಜಿನಲ್ ಹಳೇ ಸ್ಟೂಡೆಂಟ್ ಹತ್ರ ಇದೆಯಂತೆ, ಅವ್ನು ಫೋನ್ ಎತ್ತುತಿಲ್ಲ.