ಬಿಸಿಲಿನ ಕಲೆಗೆ ಫೋಟೋಫೇಶಿಯಲ್ ಮಾಡಿಸಿದವರು ಯಾರಾದ್ರೂ ಇದ್ದೀರಾ?

ಪಿಟಿ ಮೇಡಂ, ಬಳ್ಳಾರಿ:
ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. 22 ವರ್ಷದಿಂದ ಪಿಟಿ ಟೀಚರ್, ಬೆಳಿಗ್ಗೆ ಪ್ರಾರ್ಥನೆಯಿಂದ ಹಿಡಿದು ಸಂಜೆ ಖೋಖೋ ಪ್ರಾಕ್ಟೀಸ್ ಮುಗಿಯೋ ತನಕ ಮೈದಾನದಲ್ಲೇ ಇರುತ್ತೇನೆ. ಬಳ್ಳಾರಿ ಬಿಸಿಲು ಗೊತ್ತಲ್ವಾ. ಎರಡೂ ಕೆನ್ನೆ ಮೇಲೆ ಕಂದು ಕಲೆ ಹರಡಿದೆ, ಕಣ್ಣಿನ ಪಕ್ಕ ಸುಕ್ಕು ಬಂದಿದೆ. ಪಾರ್ಲರಿನವರು ಐದು ಸಿಟಿಂಗಿನ ಫೋಟೋಫೇಶಿಯಲ್ ಪ್ಯಾಕೇಜ್ ತಗೊಳ್ಳಿ, ಬರೀ ಲೈಟು, ಏನೂ ಆಗಲ್ಲ ಅಂತಾರೆ. ಮುಂದಿನ ತಿಂಗಳು ಮಗಳ ನಿಶ್ಚಿತಾರ್ಥ ಇದೆ. ಮಾಡಿಸಲಾ?

ಹುಬ್ಬಳ್ಳಿಯಿಂದ:
ಅಕ್ಕಾ, ದುಡ್ಡು ಕಟ್ಟಬೇಡಿ, ಮೊದಲು ಇದನ್ನು ಓದಿ. ನಾನು ಮಲ್ಪೆ ಬೀಚಿಗೆ ಹೋಗಿ ಬಂದ ಮರುವಾರವೇ ಇದನ್ನು ಮಾಡಿಸಿದೆ, ಮುಖ ಇನ್ನೂ ಕಪ್ಪಾಗಿತ್ತು, ಅವರು ಅದನ್ನು ಕೇಳಲೂ ಇಲ್ಲ. ತಣ್ಣನೆ ಜೆಲ್ ಹಚ್ಚಿ ಕಣ್ಣಿಗೆ ಕನ್ನಡಕ ಹಾಕಿದರು. ಒಂದೊಂದು ಸಲ ಮಿಂಚಿದಾಗಲೂ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರುಕ್ ಅನ್ನುತ್ತಿತ್ತು. ರಾತ್ರಿ ಉರಿ ತಡೆಯೋಕಾಗದೆ ಒದ್ದೆ ಬಟ್ಟೆ ಇಟ್ಟುಕೊಂಡು ಕೂತಿದ್ದೆ. ಬೆಳಿಗ್ಗೆ ನೋಡಿದರೆ ಕೆನ್ನೆ ಮೇಲೆ ಮಷೀನಿನ ಬಾಯಿಯ ಅಳತೆಗೇ ಚೌಕ ಚೌಕ ಗುರುತು! ಅದು ಹೋಗೋಕೆ ಎಂಟು ತಿಂಗಳು ಬೇಕಾಯಿತು.

ಸ್ಕಿನ್ ಕ್ಲಿನಿಕ್ ಕೆಲಸ, ಮೈಸೂರು:
ಮೇಡಂ, ಅದು ಐಪಿಎಲ್, ಅಂದರೆ ಇಂಟೆನ್ಸ್ ಪಲ್ಸ್ಡ್ ಲೈಟ್. ಲೇಸರ್ ಅಲ್ಲ, ಕ್ಸೆನಾನ್ ದೀಪದ ಬೆಳಕು, ತರಂಗಾಂತರ ಸುಮಾರು 500ರಿಂದ 1200 ನ್ಯಾನೋಮೀಟರ್ ತನಕ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಆ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಕಲೆ ಒಡೆಯುವುದು ಆ ಬಿಸಿಗೇ. ಬಿಳಿ ಚರ್ಮದ ಮೇಲಿನ ಬಿಸಿಲ ಚುಕ್ಕೆ ಕಾಫಿಪುಡಿ ಥರ ಕಪ್ಪಾಗಿ, ಒಂದು ವಾರ ಹತ್ತು ದಿನದಲ್ಲಿ ಉದುರುತ್ತದೆ. ನಮ್ಮದು ಹಾಗಲ್ಲ, ಚರ್ಮದ ತುಂಬ ಮೆಲನಿನ್ ಇದೆ, ಕಲೆ ಯಾವುದು ಬಣ್ಣ ಯಾವುದು ಅಂತ ಬೆಳಕಿಗೆ ತಿಳಿಯಲ್ಲ. ಚರ್ಮವನ್ನು ವಿಂಗಡಿಸುವ ಫಿಟ್ಜ್‌ಪ್ಯಾಟ್ರಿಕ್ ಪಟ್ಟಿ 1975ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು ಬಿಳಿಯರ ಚರ್ಮ ಮಾತ್ರ, ನಮ್ಮ ಕಂದು ಬಣ್ಣಕ್ಕೆ 5, 6ನೇ ವಿಧ ಅಂತ ಸೇರಿಸಿದ್ದು ಆಮೇಲೆ.

ಇನ್ನೊಂದು ಮಾತು. ಎರಡೂ ಕೆನ್ನೆಗೆ ಒಂದೇ ಥರ ಹರಡಿದೆ ಅಂದರೆ ಅದು ಭಂಗು (ಮೆಲಾಸ್ಮಾ) ಇರಬಹುದು. ಭಂಗಿಗೆ ಐಪಿಎಲ್ ಬಿದ್ದರೆ ಮೊದಲು ತಿಳಿಯಾದ ಹಾಗೆ ಕಂಡು, ಆಮೇಲೆ ಮೊದಲಿಗಿಂತ ಕಪ್ಪಾಗಿ ಬರೋದುಂಟು. ಚರ್ಮದ ಡಾಕ್ಟರಿಗೆ ತೋರಿಸದೆ ಮಾಡಿಸಲೇಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಕ್ರೀಮೂ ಬೇಡ.

ಪಿಟಿ ಮೇಡಂ, ಬಳ್ಳಾರಿ:
ಇವತ್ತು ಡಾಕ್ಟರ್ ಹತ್ತಿರ ಹೋಗಿ ಬಂದೆ. ಕೆನ್ನೆದು ಭಂಗೇ ಅಂತೆ. ಬಿಸಿಲ ಚುಕ್ಕೆ ಅಂದರೆ ಕಿವಿ ಹತ್ತಿರ ಇರೋ ಎರಡು ಮಾತ್ರ. ಪ್ಯಾಕೇಜ್ ಬಿಟ್ಟೆ. ಮನೆಯಲ್ಲಿ ಹಾಕಿಕೊಳ್ಳೋ ಕೆಂಪು ಎಲ್‌ಇಡಿ ಮಾಸ್ಕ್ ತಗೊಳ್ಳಲಾ?

ಸ್ಕಿನ್ ಕ್ಲಿನಿಕ್ ಕೆಲಸ, ಮೈಸೂರು:
ಅದು ಸುಡಲ್ಲ, ಬೇರೆ ಥರದ್ದು. ತಿಂಗಳುಗಟ್ಟಲೆ ಬಿಡದೆ ಹಾಕಿದರೆ ಸಣ್ಣ ಸುಕ್ಕು ಸ್ವಲ್ಪ ಕಮ್ಮಿ ಆಗಬಹುದು, ಭಂಗಿಗೆ ಅಂತ ತಗೊಳ್ಳಬೇಡಿ. ಆ ದುಡ್ಡಿಗೆ ಬಣ್ಣ ಇರುವ, ಐರನ್ ಆಕ್ಸೈಡ್ ಹಾಕಿದ ಸನ್‌ಸ್ಕ್ರೀನ್ ತಗೊಳ್ಳಿ. ಭಂಗು ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತದೆ, ಬಿಳಿ ಸನ್‌ಸ್ಕ್ರೀನ್ ಅದನ್ನು ಸರಿಯಾಗಿ ತಡೆಯಲ್ಲ. ಮೈದಾನದಲ್ಲಿದ್ದರೆ ಎರಡು ಗಂಟೆಗೊಮ್ಮೆ ಹಚ್ಚಬೇಕು, ಬೆವರು ಒರೆಸಿದ ಮೇಲೆ ಮತ್ತೆ.

ಪಿಟಿ ಮೇಡಂ, ಬಳ್ಳಾರಿ:
ಸರಿ. ಖೋಖೋ ಪ್ರಾಕ್ಟೀಸನ್ನೂ ಬೆಳಿಗ್ಗೆ ಆರೂವರೆಗೆ ಇಡಿ ಅಂತ ಹೆಡ್‌ಮಾಸ್ಟರಿಗೆ ಕೇಳುತ್ತೇನೆ. ಮಕ್ಕಳ ಮುಖಾನೂ ಅದೇ ಬಿಸಿಲಲ್ಲಿ ಇದೆ ಅಲ್ವಾ.